ಒಣ ಹೊಲದ ಕೆಸರು

ಅಮ್ಮನಿಗೆ ನಮಸ್ಕಾರ.

ನೀನು ಹೆಣೆದ ಕಾಲುಚೀಲ ಬೆಚ್ಚಗಿದೆ. ಎಡಗಾಲಿನದು ಮಾತ್ರ ಅಪ್ಪನಿಗೂ ದೊಡ್ಡದಾದೀತು.

ಮದ್ದುಗುಂಡಿನ ಲಾರಿಗಳಿಗೆ ದಾರಿ ಗುರುತು ಮಾಡುವುದು ಈಗ ನನ್ನ ಕೆಲಸ. ನೇರ ದಾರಿ ಒಬ್ಬ ಅಜ್ಜಿಯ ಗೋಧಿ ಹೊಲದ ನಡುವೆಯೇ ಹೋಗುತ್ತದೆ. ಅಲ್ಲಿ ಕೆಸರಿದೆ, ಲಾರಿ ಹೂತುಹೋಗುತ್ತದೆ ಎಂದು ಸಾಹೇಬರಿಗೆ ಹೇಳಿ, ಬಾವುಟಗಳನ್ನು ಬದುವಿನಾಚೆ ನೆಟ್ಟೆ. ಸುತ್ತು ದಾರಿಯಿಂದಾಗಿ ಮುಂದಿರುವ ನಮ್ಮವರಿಗೆ ಮದ್ದುಗುಂಡು ಅರ್ಧ ಗಂಟೆ ತಡ. ಅದು ಮನಸ್ಸನ್ನು ಕೊರೆಯುತ್ತಿದೆ.

ನಿನ್ನೆ ಸಾಹೇಬರೇ ಬಂದು ಬೂಟುಗಾಲಲ್ಲಿ ನೆಲ ಒದ್ದರು. ಧೂಳೆದ್ದಿತು. ಅವರು ತೆನೆಯೊಂದನ್ನು ಹಿಸುಕಿ, ಬೆರಳಿಗಂಟಿದ ಹಾಲು ನೋಡಿ, "ಭಾರೀ ಕೆಸರು ಕಣಯ್ಯ. ಒಣಗೋಕೆ ಎಷ್ಟು ದಿನ ಬೇಕು, ತಿಳ್ಕೊಂಡು ಹೇಳು" ಅಂದರು.

ಊರಲ್ಲಿದ್ದಾಗ ಹೊಲದ ಕಡೆ ತಲೆಯೇ ಹಾಕದವನು ನಾನು. ಹಾಲುಗಾಳು ಕೊಯ್ಲಿಗೆ ಬರಲು ಎಷ್ಟು ದಿನ ಬೇಕಮ್ಮ? ಬೇಗ ಬರೆ.

ನಿನ್ನ ಸುಳ್ಳುಬುರುಕ ಮಗ