ತಾಮ್ರದ ಮೇಲೆ ಯಾರ ಕೈ

ಮಾರ್ಚ್ 3, ಸೋಮವಾರ

ಬಲಗಡೆಯ ತಗಡನ್ನು ಮೂರನೇ ಸಲ ಕಾಯಿಸಿದೆ. ಕೆಂಪಾದ ಕೂಡಲೇ ನೀರಿಗೆ ಅದ್ದಿದೆ, ಮೆತ್ತಗಾಯಿತು. ಮರಳಿನ ಚೀಲದ ಮೇಲಿಟ್ಟು ಕೊಡತಿಯಲ್ಲಿ ಬಡಿದು ಉಬ್ಬು ತಂದೆ. ಎಡಗಡೆಯದಕ್ಕಿಂತ ಒಂದು ಕೂದಲೆಳೆ ಜಾಸ್ತಿ ಉಬ್ಬಿದೆ. ನಾಳೆ ಸರಿ ಮಾಡಬೇಕು. ಬೈಕಿನ ಟ್ಯಾಂಕಿಗೆ ಎರಡು ಕಡೆಯೂ ಒಂದೊಂದು ತಾಮ್ರದ ಪ್ಯಾನೆಲ್ — ಒಂದರ ಪಕ್ಕ ಒಂದಿಟ್ಟರೆ ಅವಳಿ ಮಕ್ಕಳ ಹಾಗೆ ಇರಬೇಕು.

ಬಾಸ್ ಹೋರಿಯ ಬಂದು ನೋಡಿದ. ಗ್ಯಾರೇಜ್ ಅವನದು, ಬಡಿಯುವ ಕೈ ನನ್ನದು. ಏಪ್ರಿಲ್ ಐದಕ್ಕೆ ಸಿಬಿಯು ಪಟ್ಟಣದಲ್ಲಿ ಬೈಕ್ ಶೋ. ಬೈಕಿನ ಮುಂದೆ ಇಡುವ ಕಾರ್ಡಿನಲ್ಲಿ ಈ ಸಲ ನನ್ನ ಹೆಸರು ಹಾಕಿಸುತ್ತಾನಂತೆ. ಹಿಂದಿನ ಮೂರು ಬೈಕಿಗೂ ಹೀಗೇ ಅಂದಿದ್ದ. ಮೂರರ ಮೇಲೂ ಅವನ ಹೆಸರೇ ಹೋಯಿತು.

"ಈ ಸಲ ದೇವರಾಣೆ ಕಣೋ ಯಾನ್ಕು" ಅಂದ.

ಯಾವ ದೇವರು ಅಂತ ಕೇಳಲಿಲ್ಲ.

ಮಾರ್ಚ್ 11, ಸಂಜೆ

ಮುಗಿಯಿತು. ಟ್ಯೂಬ್‌ಲೈಟ್ ಕೆಳಗೆ ಹಿಡಿದೆ. ಬೆಳಕಿನ ಗೆರೆ ಈ ತುದಿಯಿಂದ ಆ ತುದಿಗೆ ಎಲ್ಲೂ ಮುರಿಯದೆ ಜಾರಿತು. ಸಾವಿರಾರು ಪೆಟ್ಟು ಹೊಡೆದಿದ್ದೇನೆ, ಒಂದರ ಗುರುತೂ ಇಲ್ಲ... ಇಷ್ಟು ಕಲಿಯಲು ನಾಲ್ಕು ವರ್ಷ ಹಿಡಿಯಿತು.

ಮನೆಗೆ ಬಂದು ಫೋಟೋ ಅಪ್ಪನಿಗೆ ತೋರಿಸಿದೆ. ಅಂಗಳದಲ್ಲಿ ಹಂಡೆ ಬಡಿಯುತ್ತಿದ್ದ. ನಡುವಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಸಾಲು, ಒಂದು ಪೆಟ್ಟಿನ ಅರ್ಧದ ಮೇಲೆ ಇನ್ನೊಂದು ಪೆಟ್ಟು. ನಮ್ಮ ಕೇರಿಯ ಯಾವ ಹಂಡೆ ಕಂಡರೂ ಯಾರ ಕೈ ಅಂತ ಹೇಳುತ್ತಾನೆ.

"ಇದನ್ನ ಯಾರು ಮಾಡಿದ್ದು?"

"ನಾನೇ."

"ಯಾರೂ ಮಾಡಿಲ್ಲ ಅನ್ನೋ ಹಂಗಿದೆ."

ಹೊಗಳಿಕೆ ಅಂತಲೇ ಇಟ್ಟುಕೊಂಡೆ. ಅಮ್ಮ ಒಳಗಿನಿಂದ ನಕ್ಕಳು.

ಮಾರ್ಚ್ 19

ಮೈ ಉರಿಯುತ್ತಿದೆ.

ಬೈಕಿನ ಗಿರಾಕಿ ಬುಕಾರೆಸ್ಟಿನಿಂದ ಬಂದ. ಹಲ್ಲಿನ ಡಾಕ್ಟರ್. ಪ್ಯಾನೆಲ್ ಮೇಲೆ ಬೆರಳಾಡಿಸಿದ. ನಾನು ಎದುರಿಗೇ ನಿಂತಿದ್ದೆ. ಕೇಳಿದ್ದು ಮಾತ್ರ ಹೋರಿಯನನ್ನು.

"ಇದು ಮಿಷಿನ್ನಲ್ಲಿ ಒತ್ತಿದ್ದಾ?"

"ಇಲ್ಲ ಡಾಕ್ಟ್ರೇ, ಪೂರ್ತಿ ಕೈಕೆಲ್ಸ."

"ಹಾಗನ್ಸೋದೇ ಇಲ್ವಲ್ರೀ. ನೋಡಿದ ತಕ್ಷಣ ಸುತ್ತಿಗೆ ಕಾಣ್ಬೇಕು. ಒಂದು ನಾಲ್ಕು ಪೆಟ್ಟು ಹಾಕ್ಸಿ."

ನಾಲ್ಕು ಪೆಟ್ಟು. ಸಾರಿಗೆ ಉಪ್ಪು ಹಾಕಿಸಿ ಅನ್ನುವ ಹಾಗೆ.

"ಅದಕ್ಕೇನಂತೆ, ಹಾಕ್ಸೋಣ" ಅಂದ ಹೋರಿಯ.

ಬಾಯಿ ಸುಮ್ಮನಿರಲಿಲ್ಲ. "ನಿಮ್ಮ ಹತ್ರ ಹಲ್ಲು ಕಟ್ಟಿಸ್ಕೊಂಡೋರು, ಕಟ್ಟಿಸಿದ್ದು ಎಲ್ರಿಗೂ ಕಾಣ್ಲಿ ಅಂತಾರಾ ಡಾಕ್ಟ್ರೇ?"

ಡಾಕ್ಟರ್ ನಕ್ಕ. ಹೋರಿಯ ನಗಲಿಲ್ಲ. "ಹೋಗಿ ಕಾಫಿ ತಗೊಂಬಾ" ಅಂದ.

ಮಾರ್ಚ್ 20

ಸಮಾಧಾನದಿಂದಲೇ ಹೇಳಿದೆ. ಗುರುತು ಬೇಕಾ, ಆಗಲಿ. ಅಪ್ಪ ಹೊಡೆಯುವ ಹಾಗೆ ಸಾಲಾಗಿ ಹೊಡೆಯಬೇಕು, ಉಬ್ಬಿನ ನಡುವಿನಿಂದ ಅಂಚಿನವರೆಗೆ. ಆಗ ತಾಮ್ರ ಎಲ್ಲ ಕಡೆ ಒಂದೇ ಸಮ ಗಟ್ಟಿಯಾಗುತ್ತದೆ. ಅಲ್ಲೊಂದು ಇಲ್ಲೊಂದು ಹೊಡೆದರೆ ತಗಡು ಸೆಟೆದುಕೊಳ್ಳುತ್ತದೆ, ಎಂಜಿನ್ ನಡುಕಕ್ಕೆ ಬಿರುಕು ಬಿಡುತ್ತದೆ. ಒಂದು ವಾರ ಕೊಡಿ ಅಂದೆ.

"ನಾಡಿದ್ದು ಶೋಗೆ ಫೋಟೋ ಕಳಿಸ್ಬೇಕು. ಒಂದು ಗಂಟೆ ಕೆಲ್ಸಕ್ಕೆ ಒಂದು ವಾರನಾ?"

"ಹಂಗಾದ್ರೆ ನಾನು ಹೊಡೆಯಲ್ಲ ಬಾಸ್."

"ತಾಮ್ರ ಬಡಿಯೋರ ಮನೇಲಿ ಹುಟ್ಟಿ ಹೊಡೆಯಲ್ಲ ಅಂತಾನೆ, ಕೇಳಿ ಇವನ ಮಾತು."

ಏಪ್ರನ್ ಬಿಸಾಕಿ ಹೊರಟೆ. ಎಂಟು ಕಿಲೋಮೀಟರ್ ನಡೆದೇ ಬಂದೆ. ಬಸ್ಸಿಗೆ ಕಾಯುವ ತಾಳ್ಮೆ ಯಾರಿಗಿತ್ತು.

ಮಾರ್ಚ್ 22

ಮನಸ್ಸು ತಡೆಯದೆ ಬೆಳಗ್ಗೆ ಹೋಗಿ ನೋಡಿದೆ. ಅವನೇ ಹೊಡೆದಿದ್ದಾನೆ. ಗುಂಡು ಮೂತಿಯ ಸುತ್ತಿಗೆಯಲ್ಲಿ, ಕೈ ಬಿದ್ದ ಕಡೆಯೆಲ್ಲ. ಎಡಗಡೆಯದನ್ನು ಹೆಬ್ಬೆರಳಿನಿಂದ ಒತ್ತಿದೆ. ಟಪ್ ಅಂತ ಒಳಗೆ ಹೋಯಿತು, ಟಪ್ ಅಂತ ಹೊರಗೆ ಬಂತು. ಡಬ್ಬಿ ಮುಚ್ಚಳ.

ಬೆಂಚಿನ ಮೇಲೆ ಕಾರ್ಡ್. "ತಾಮ್ರದ ಕೆಲಸ: ಯಾನ್ಕು ಕಲ್ದರಾರು." ದಪ್ಪ ಅಕ್ಷರ. ಕಲ್ದರಾರು ಅಂದರೆ ಹಂಡೆ ಬಡಿಯುವವರು, ನಮ್ಮ ಮನೆತನದ ಹೆಸರು. ಒಂದಕ್ಷರ ತಪ್ಪಿಲ್ಲ — ನನ್ನ ಹತ್ತನೇ ಕ್ಲಾಸಿನ ಸರ್ಟಿಫಿಕೇಟಿನಲ್ಲೂ ತಪ್ಪಿತ್ತು.

"ಕೊಟ್ಟ ಮಾತು ಉಳಿಸ್ಕೊಂಡೆ ನೋಡು" ಅಂದ ಹೋರಿಯ. "ಸುತ್ತಿಗೆ ಗುರುತಿಗೆ ನಿಮ್ಮೋರ ಹೆಸರಿದ್ರೇನೇ ಜನ ನಂಬೋದು."

"ತೆಗೀರಿ ಬಾಸ್. ನಿಮ್ಮ ಹೆಸರೇ ಹಾಕ್ಕೊಳ್ಳಿ."

"ತಲೆ ಕೆಟ್ಟಿದ್ಯಾ? ನಾಲ್ಕು ವರ್ಷದಿಂದ ಹೆಸರು ಹೆಸರು ಅಂತ ಪ್ರಾಣ ತಿಂತಿದ್ದೆ."

ಹೌದು, ತಿಂದೆ. ನಯವಾಗಿ ಬಂದ ಮೂರಕ್ಕೂ ಅವನ ಹೆಸರು. ಅವನು ಕೆಡಿಸಿದ ಒಂದಕ್ಕೆ ನನ್ನದು. ಯಾವ ನ್ಯಾಯ ಇದು. ಪ್ಯಾನೆಲ್ಲಿನ ಫೋಟೋ ತೆಗೆದುಕೊಂಡು ಬಂದುಬಿಟ್ಟೆ. ಪೆನ್ನು ಒತ್ತಿ ಒತ್ತಿ ಹಾಳೆ ಹರಿಯುತ್ತಿದೆ.

ಏಪ್ರಿಲ್ 2

ಹದಿಮೂರು ದಿನದಿಂದ ಕೆಲಸಕ್ಕೆ ಹೋಗಿಲ್ಲ. ಹೋರಿಯ ಫೋನೂ ಮಾಡಿಲ್ಲ. ಅವನಿಗೆ ಬೇಕಾಗಿದ್ದು ಹೆಸರು, ಸಿಕ್ಕಿತಲ್ಲ. ಕೂತರೆ ಕಾಲು ನಿಲ್ಲುವುದಿಲ್ಲ. ಅಂಗಳದಲ್ಲಿ ಓಡಾಡಿ ಓಡಾಡಿ ಅಮ್ಮನ ಕೋಳಿಗಳೂ ನನ್ನನ್ನು ಕಂಡರೆ ದೂರ ಹೋಗುತ್ತವೆ.

ಇವತ್ತು ಅಪ್ಪ ಏನಾಯಿತು ಅಂತ ಕೇಳಿದ. ಫೋಟೋ ಕೊಟ್ಟೆ. ಕೊನೆಗೂ ಸುತ್ತಿಗೆ ಗುರುತು ಬಂತಲ್ಲ ಅಂತ ಚುಚ್ಚುತ್ತಾನೆ ಅಂದುಕೊಂಡಿದ್ದೆ. ಅಪ್ಪ ಹ್ಯಾಟ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ಇದರ ಮೇಲೆ ಮೇಕೆ ಗೀಕೆ ಓಡಾಡ್ತೇನೋ?"

"ಹೋರಿಯ ಹೊಡ್ದಿದ್ದು. ಕಾರ್ಡಲ್ಲಿ ನನ್ನ ಹೆಸರು ಹಾಕಿದಾನೆ."

"ಯಾನ್ಕು ಅಂತ ಮಾತ್ರನಾ?"

"ಕಲ್ದರಾರು ಅಂತಾನೂ."

"ಅದು ನನ್ನ ಹೆಸರು. ನಮ್ಮಪ್ಪಂದು." ಹ್ಯಾಟ್ ಮತ್ತೆ ತಲೆಗೇರಿತು. "ಗ್ಯಾರೇಜ್ ಕೀ ನಿನ್ನ ಹತ್ರ ಇದ್ಯಾ?"

"ಇದೆ. ಅವ್ನು ನಾಳೆ ಸ್ಟಾಲ್ ಹಾಕೋಕೆ ಸಿಬಿಯುಗೆ ಹೋಗ್ತಾನೆ. ಬೈಕ್ ಹೋಗೋದು ನಾಡಿದ್ದು."

"ಸರಿ, ನಾಳೆ."

ಏಪ್ರಿಲ್ 3, ಮಧ್ಯಾಹ್ನ

ಗ್ಯಾರೇಜಿನಲ್ಲೇ ಕೂತು ಬರೆಯುತ್ತಿದ್ದೇನೆ. ಬೆಳಗ್ಗೆ ಆರಕ್ಕೆ ಬಂದೆವು. ಎರಡೂ ಪ್ಯಾನೆಲ್ ಬಿಚ್ಚಿದೆ. ಅಪ್ಪ ಕಾಯಿಸಿ ಮೆತ್ತಗೆ ಮಾಡಿದ, ನಾನು ಹೋರಿಯನ ಗುಂಡಿಗಳನ್ನು ಒಳಗಿನಿಂದ ತಟ್ಟಿ ಎಬ್ಬಿಸಿದೆ. ಆಮೇಲೆ ಸಾಲು. ಸುತ್ತಿಗೆ ಅಪ್ಪನದು, ಮನೆಯಿಂದ ತಂದದ್ದು.

"ಒಂದು ತಗಡಿಗೆ ಒಂದೇ ಕೈ" ಅಂದ. ಎಡಗಡೆಯದು ಅವನದು, ಹನ್ನೊಂದು ಸಾಲು ಹೊಡೆದು ಮುಗಿಸಿದ. ಹೆಬ್ಬೆರಳಿನಿಂದ ಒತ್ತಿದೆ. ಜಗ್ಗಲಿಲ್ಲ. ಟ್ಯೂಬ್‌ಲೈಟ್ ಕೆಳಗೆ ಹಿಡಿದೆ — ಬೆಳಕು ನೂರು ಚೂರಾಗಿ ಸಾಲಾಗಿ ನಿಂತಿತು. ಇಂಥ ಕೆಲಸವನ್ನು ಹಳೇದು ಅಂತ ಬಿಟ್ಟು ಬಂದಿದ್ದೆ... ಇರಲಿ.

ಬಲಗಡೆಯದು ನನ್ನದು. ಏಳು ಸಾಲು ಆಗಿದೆ. ಅಪ್ಪ ಬ್ರೆಡ್, ಈರುಳ್ಳಿ, ಉಪ್ಪು ಹಚ್ಚಿದ ಹಂದಿಕೊಬ್ಬು ಬಿಚ್ಚಿಟ್ಟು "ತಿಂದು ಹೊಡಿ" ಅಂದ.

ಕಾರ್ಡ್ ಎದುರಿಗೇ ಇದೆ. ಹರಿದು ಹಾಕಲಾ ಅಂತ ಕೇಳಿದೆ.

"ನಿನ್ನ ಸಾಲು ಮುಗೀಲಿ. ನೋಡಿ ಹೇಳ್ತೀನಿ."

ಗೇಟಿನಲ್ಲಿ ವ್ಯಾನ್ ನಿಂತ ಸದ್ದು. ಹೋರಿಯನದೇ. ಇಷ್ಟು ಬೇಗ ಹೇಗೆ ಬಂದ. ಅಪ್ಪ ಆ ಕಡೆ ನೋಡಲೂ ಇಲ್ಲ. ಸುತ್ತಿಗೆಯ ಹಿಡಿ ನನ್ನ ಕಡೆ ಮಾಡಿ ಕೊಡುತ್ತಿದ್ದಾನೆ.

"ಬರ್ಲಿ ಬಿಡು. ನೀನು ಎಣಿಕೆ ತಪ್ಪಬೇಡ. ಎಂಟನೇದು."

ಬಾಗಿಲಲ್ಲಿ ಕೀ ತಿರುಗುತ್ತಿದೆ. ಬರೆಯುವುದು ಸಾಕು, ಎಂಟನೇ ಸಾಲು ಹೊಡೆಯಬೇಕು.