ಎಸ್ತರಮ್ಮನ ಏಳು ನಿಮಿಷ

ಕಾರವಾರ,
2158ರ ಫೆಬ್ರುವರಿ 30

ಪ್ರೀತಿಯ ಎಸ್ತರಮ್ಮಜ್ಜಿ,

ನನ್ನ ಮದುವೆ ಆಯಿತು! ಹನ್ನೊಂದು ದಿನವಾಯಿತು, ಕೈಯ ಮದರಂಗಿ ಇನ್ನೂ ಮಾಸಿಲ್ಲ, ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಮುಗಿಸಿದ್ದೇನೆ, ಈಗ ಸತ್ತವರಿಗೂ ಹೇಳಲು ಕುಳಿತಿದ್ದೇನೆ. ಹೀಗೆಂದದ್ದಕ್ಕೆ ಕ್ಷಮಿಸಿ. ನನ್ನ ಪಾಲಿಗೆ ನೀವು ತೀರಿಹೋದವರು, ನಿಮ್ಮ ಪಾಲಿಗೆ ನಾನು ಇನ್ನೂ ಹುಟ್ಟದವಳು. ಈ ಪತ್ರ ನಿಮ್ಮ ಕೈ ಸೇರುವ ದಿನ ನಿಮಗೆ ಇಪ್ಪತ್ತೊಂಬತ್ತು ವರ್ಷ, ನನಗಿಂತ ಎರಡು ವರ್ಷ ಚಿಕ್ಕವರು. ಆದರೂ ಐದು ತಲೆಮಾರು ಹಿಂದಿನ ಅಜ್ಜಿಯನ್ನು ತಂಗಿ ಎಂದು ಕರೆಯಲು ನನ್ನಿಂದ ಆಗುವುದಿಲ್ಲ.

ಮೇಲಿನ ತಾರೀಖು ತಪ್ಪಲ್ಲ. ನಮ್ಮವರು ಕ್ಯಾಲೆಂಡರ್ ತಿದ್ದಿ ಫೆಬ್ರುವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಸ್ವಲ್ಪ ಕಾಲದ ತಪ್ಪು, ಸ್ವಲ್ಪ ನನ್ನದು. ನಾನು ಇಂಗ್ಲಿಷಿನಲ್ಲೇ ಓದಿದವಳು. ನನ್ನ ಗಂಡ ಮೌನೇಶ ಇದರ ಕಾಗುಣಿತ ತಿದ್ದಿದ್ದಾನೆ, ನಾನು ಹಾಕಿದ್ದ ಆಶ್ಚರ್ಯದ ಗುರುತುಗಳಲ್ಲಿ ಒಂದನ್ನು ಮಾತ್ರ ಉಳಿಸಿದ್ದಾನೆ.

ಇದು ಹಿಂದಂಚೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ, ಅದೂ ನಮ್ಮ ಕಾಲದವರೆಗೆ ಗೋಡೆ ಉಳಿದಿರುವ ಕಟ್ಟಡಕ್ಕೆ ಮಾತ್ರ ಹೋಗುತ್ತದೆ. ಹಿಂದಿನವರಿಗೆ ಅದನ್ನು ಮಾಡಿ, ಇದನ್ನು ಬಿಡಿ ಎಂದು ಹೇಳುವಂತಿಲ್ಲ. ಕಂಡದ್ದನ್ನು ಬರೆದಿಡಿ ಎಂದು ಕೇಳಿಕೊಳ್ಳಬಹುದು, ಅಷ್ಟೆ. ಜನ ಸಾಮಾನ್ಯವಾಗಿ ಈ ಪತ್ರವನ್ನು ಮುಪ್ಪಿನವರೆಗೆ ಉಳಿಸಿಕೊಳ್ಳುತ್ತಾರೆ. ನಾನು ಮದುವೆಯಾದ ಹನ್ನೊಂದನೇ ದಿನಕ್ಕೇ ಖರ್ಚು ಮಾಡುತ್ತಿದ್ದೇನೆ. ಕಾರಣ ಹೇಳುತ್ತೇನೆ, ಆದರೆ ಮೊದಲು ಮದುವೆಯ ಸುದ್ದಿ, ಇಲ್ಲದಿದ್ದರೆ ನನಗೆ ತಡೆಯುವುದಿಲ್ಲ.

ಮದುವೆ ನೆರಳುಬೀದಿಯಲ್ಲಿ ನಡೆಯಿತು. ಈಗಿನ ಬಿಸಿಲಿಗೆ ಬೀದಿ ಬೀದಿಗೂ ಮೇಲೆ ಬಟ್ಟೆಯ ಚಾವಣಿ ಕಟ್ಟಿರುತ್ತಾರೆ, ಅದರ ಹೆಸರೇ ನೆರಳುಬೀದಿ. ಮುಂಜಾನೆ ಮೊದಲು ಗಾಳಿಪಟ್ಟಿ ಓದಿದರು. ಆ ದಿನದ ಗಾಳಿಯಲ್ಲಿ ಧೂಳೆಷ್ಟು, ಹೊಗೆಯೆಷ್ಟು ಎಂದು ತಿಳಿಯದೆ ನಮ್ಮಲ್ಲಿ ಯಾವ ಶುಭಕಾರ್ಯವೂ ಶುರುವಾಗುವುದಿಲ್ಲ. ಆಮೇಲೆ ಉಸಿರೆಣಿಕೆ. ಗಂಡು ಹೆಣ್ಣಿನ ಬೆನ್ನಿನ ಮೇಲೆ ಅಂಗೈ ಇಟ್ಟು ಒಂದು ನಿಮಿಷ ಅವಳ ಉಸಿರು ಎಣಿಸಬೇಕು, ಹೆಣ್ಣು ಗಂಡಿನದನ್ನು. ಮೌನೇಶನದು ಹದಿನಾಲ್ಕು ಬಂತು, ಸಭ್ಯ ಮನುಷ್ಯ. ನನ್ನದು ಇಪ್ಪತ್ತೇಳು. ಇಡೀ ಬೀದಿ ನಕ್ಕಿತು. ನನ್ನ ಅತ್ತೆ ಹುಲಿಗೆಮ್ಮ ಕುರ್ಚಿಯಲ್ಲಿ ಕೂತಲ್ಲಿಂದಲೇ, "ಅಕಿನ್ನ ಮಂಟಪಕ್ಕಲ್ಲ, ಮೊದಲ ದವಾಖಾನಿಗೆ ಕರಕೊಂಡು ಹೋಗ್ರಪಾ" ಎಂದು ಕೂಗಿದರು. ಕೂಗಿ, ಆ ಒಂದು ಮಾತಿಗೆ ಐದು ನಿಮಿಷ ಏದುಸಿರು ಬಿಟ್ಟರು.

ಅವರದು ಮೂವತ್ತು ವರ್ಷ ಹತ್ತಿ ಹರಾಜಿನಲ್ಲಿ ಕೂಗಿದ ಗಂಟಲು. ಆ ಮೂವತ್ತು ವರ್ಷದ ಹತ್ತಿಧೂಳು ಈಗ ಎದೆಯಲ್ಲಿದೆ. ರಕ್ತದಲ್ಲಿ ಕೆಟ್ಟ ಗಾಳಿ ನಿಂತು ಮಧ್ಯಾಹ್ನದ ಹೊತ್ತಿಗೆ ಮಂಪರು ಬರುತ್ತದೆ. ಮಾರ್ಚ್ ಮುಗಿಯುವುದರೊಳಗೆ ಉಸಿರುಗವಸು ಹಾಕಲೇಬೇಕೆಂದು ವೈದ್ಯರು ಹೇಳಿದ್ದಾರೆ. ನೀವು ಸಿಸ್ಟರ್ ಆಗಿರುವ ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಯ ಮುಖಕ್ಕೆ ಬೆಲ್ಟು ಬಿಗಿದು, ಯಂತ್ರದಿಂದ ಗಾಳಿ ಒತ್ತುವ ಮಾಸ್ಕ್ ಇದೆಯಲ್ಲ, ಇದು ಅದರ ಮೊಮ್ಮಗಳು. ಹಾಲಿನ ಕೆನೆಯಷ್ಟು ಮೆತ್ತಗೆ, ಆದರೆ ಒಮ್ಮೆ ಕೂತರೆ ಮೂರು ದಿನ ಬಿಚ್ಚಲು ಬರುವುದಿಲ್ಲ. ಮಾತಿಲ್ಲ, ಬಾಯಿಗೆ ಒಂದು ಗುಟುಕು ನೀರಿಲ್ಲ. ಇದಕ್ಕೆ ಅಖಂಡ ನಿಯಮ ಎನ್ನುತ್ತಾರೆ. ನಾನು ಕೆಲಸ ಮಾಡುವ ಉಸಿರುಮನೆಯಲ್ಲಿ, ಅಂದರೆ ಉಸಿರಿನ ರೋಗಗಳ ಆಸ್ಪತ್ರೆಯಲ್ಲಿ, ವಯಸ್ಸಾದವರಲ್ಲಿ ಐವರಲ್ಲಿ ಇಬ್ಬರು ಈ ನಿಯಮ ಕೇಳಿಯೇ ಗವಸು ಬೇಡವೆಂದು ಮನೆಗೆ ಹೋಗುತ್ತಾರೆ. ಮನೆಗೆ ಹೋದವರು ಮರಳಿ ಬರುವುದಿಲ್ಲ.

ಅತ್ತೆಯೂ ಬೇಡವೆಂದರು. "ಮೂರು ದಿನ ಬಾಯಿ ಮುಚ್ಕೊಂಡು ಕುಂದ್ರು ಅಂದ್ರ ನಾ ಮೊದಲೇ ಸತ್ತಂಗ. ಬೇಕಾದ್ರ ನೀ ಹಾಕ್ಕೋಬೇ, ಮನ್ಯಾಗ ಎಲ್ಲಾರಿಗೂ ಚೊಲೋ ಆಗತೈತಿ" ಎಂದರು ನನಗೆ. ನಾನು ನಕ್ಕೆ. ಮೌನೇಶ ಎದ್ದು ಹೊರಗೆ ಹೋದ.

ಈಗ ಕಾರಣಕ್ಕೆ ಬರುತ್ತೇನೆ. ಊಟದ ಪಂಕ್ತಿಯಲ್ಲಿ ನಾನು ಎಲೆಯ ಮುಂದೆ ಕೂತು ಒಂದೇ ಸಮನೆ ಮಾತಾಡುತ್ತಿದ್ದೆ. ರಾಯಚೂರಿನಿಂದ ಬಂದಿದ್ದ ಮರಿಯಮ್ಮ ದೊಡ್ಡಮ್ಮ ನನ್ನ ತಲೆಗೆ ಮೊಟಕಿ, "ಏ ಹುಡುಗಿ, ಎಸ್ತರಮ್ಮನ ಏಳು ನಿಮಿಷ ಮುಗದ್ವು, ಉಣ್ಣಿನ್ನ" ಎಂದಳು. ಚಿಕ್ಕಂದಿನಿಂದ ಕೇಳಿದ ಮಾತು. ನಮ್ಮ ಮನೆಯಲ್ಲಿ ಬಾಯಾಳಿ ಮಕ್ಕಳಿಗೆಲ್ಲ ಹೇಳುವ ಮಾತು. ಅಂದು ಮೊದಲ ಬಾರಿ, ಯಾವ ಏಳು ನಿಮಿಷ ಎಂದು ಕೇಳಿದೆ.

ದೊಡ್ಡಮ್ಮ ಹೋಳಿಗೆ ಮುರಿಯುತ್ತಲೇ ಹೇಳಿದಳು. ನೀವು ರಾಯಚೂರಿನ ಆಸ್ಪತ್ರೆಯ ಉಸಿರಿನ ವಾರ್ಡಿನಲ್ಲಿ ಸಂಶೋಧನೆಯ ಸಿಸ್ಟರ್ ಆಗಿದ್ದಿರಂತೆ. ರೋಗಿ ಮಾಸ್ಕ್ ಕಿತ್ತೆಸೆಯಲು ಒದ್ದಾಡಿದರೆ ನೀವು ಮಂಚದ ಬದಿಗೆ ಕೂತು, ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪಿನ ಅಂಕಿಯ ಮೇಲೆ ಕಣ್ಣಿಟ್ಟು, ಮೂಗಿಗೆ ಸಣ್ಣ ನಳಿಕೆ ಕೊಟ್ಟು, ಏಳು ನಿಮಿಷ ಮಾಸ್ಕ್ ಸರಿಸುತ್ತಿದ್ದಿರಂತೆ. ಅಷ್ಟರಲ್ಲಿ ಅವರು ಅಂಬಲಿ ಕುಡಿಯಬಹುದು, ಸೊಸೆಯನ್ನು ಬೈಯಬಹುದು, ಮಗನಿಗೆ ಎಮ್ಮೆಯ ಸುದ್ದಿ ಕೇಳಬಹುದು. ಏಳು ಮುಗಿದ ಕೂಡಲೇ, "ಮುಗೀತಪಾ, ಉಳಿದಿದ್ದು ನಾಳೆ ಬೈಯುವಂತಿ" ಎಂದು ಮತ್ತೆ ಬಿಗಿಯುತ್ತಿದ್ದಿರಂತೆ. ಆಮೇಲೆ ದೊಡ್ಡಮ್ಮ ದನಿ ಇಳಿಸಿ, "ಬಿಚ್ಚಿದ್ದನ್ನ ಪಟ್ಟಿಯೊಳಗ ಮಾತ್ರ ಬರೀತಿದ್ದಿಲ್ಲಂತ. ದೊಡ್ಡ ಡಾಕ್ಟರು ಬೈತಾರಂತ ಹೆದರಿಕಿ" ಎಂದಳು.

ನನ್ನ ಕೈಯ ತುತ್ತು ಎಲೆಗೆ ಬಿತ್ತು, ಅಜ್ಜಿ. ರಾಯಚೂರಿನ ಆ ಪಟ್ಟಿಯನ್ನು ಉಸಿರುಮನೆಯ ಕೆಲಸ ಕಲಿಯುವವರೆಲ್ಲ ಓದಲೇಬೇಕು, ನಾನು ಅದನ್ನು ಬಾಯಿಪಾಠ ಬಲ್ಲೆ. ನಲವತ್ತೆಂಟು ರೋಗಿಗಳು, ಗಂಟೆಗೊಂದು ಚೌಕ, ಎಲ್ಲ ಚೌಕದಲ್ಲೂ ಮಾಸ್ಕ್ ಇದೆ ಎಂಬ ಗುರುತು. ಆ ವಾರ್ಡಿನ ಫಲ ಎಷ್ಟು ಚೆನ್ನಾಗಿತ್ತೆಂದರೆ, ಬಿಚ್ಚದೆ ಹಾಕಿದ್ದರಿಂದಲೇ ಜನ ಬದುಕಿದರು ಎಂದು ಎಲ್ಲರೂ ನಂಬಿದರು. ಅಖಂಡ ನಿಯಮ ಹುಟ್ಟಿದ್ದು ಅಲ್ಲಿಂದ. ಅವರು ಬದುಕಿದ್ದು ನೀವು ನಡುನಡುವೆ ಬಿಚ್ಚಿದ್ದರಿಂದಲೋ, ಬಿಚ್ಚಿದರೂ ಬದುಕಿದರೋ ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲೇಬೇಕು.

ದಿನಕ್ಕೆ ನಾಲ್ಕು ಸಲ ಏಳು ನಿಮಿಷದ ಬಿಡುವು ಕೊಟ್ಟು ನೋಡುವ ಪ್ರಯೋಗವೊಂದನ್ನು ಮದುವೆಯ ಮರುದಿನವೇ ಬರೆದೆ. ಹೊಸ ಸೊಸೆ ಅಡುಗೆಮನೆಗೆ ಬರಲಿಲ್ಲವೆಂದು ನಾದಿನಿ ಮುನಿಸಿಕೊಂಡಳು, ಆಮೇಲೆ ಅವಳೇ ಚಹಾ ತಂದುಕೊಟ್ಟಳು. ಪ್ರಯೋಗಕ್ಕೆ ಅನುಮತಿ ಕೊಡುವ ಮಂಡಳಿಯ ಹಿರಿಯರು ಓದಿ, "ನಿಯಮ ಬಂದ ಮೇಲೆ ಎಲ್ಲಿಯೂ ಯಾರೂ ಬಿಚ್ಚಿ ನೋಡಿಲ್ಲವಮ್ಮ. ಮನೆಯ ಗಾದೆ ನಂಬಿ ರೋಗಿಯ ಮುಖದಿಂದ ಗವಸು ತೆಗೆಯಲಿಕ್ಕೆ ಬಿಡಲೇನು?" ಎಂದರು. ಅವರು ಹೇಳಿದ್ದು ಸರಿ. ಅವರ ಜಾಗದಲ್ಲಿ ನಾನಿದ್ದರೂ ಬಿಡುತ್ತಿರಲಿಲ್ಲ. ಮಾರ್ಚ್ 20ಕ್ಕೆ ಕೊನೆಯ ಸಭೆ.

ಅದಕ್ಕೇ ಕೇಳುತ್ತೇನೆ. ಈ ಪತ್ರ ಸಿಗುವ ಹೊತ್ತಿಗೆ ನಿಮ್ಮ ವಾರ್ಡಿನಲ್ಲಿ ಮೂವತ್ತೊಂದನೇ ರೋಗಿ ಇರುತ್ತಾನೆ. ಒಂದು ಗೆರೆಪುಸ್ತಕ ತೆಗೆದುಕೊಳ್ಳಿ. ಯಾವ ಮಂಚ, ಎಷ್ಟು ಹೊತ್ತಿಗೆ ಬಿಚ್ಚಿದಿರಿ, ಆಗ ಕ್ಲಿಪ್ಪಿನ ಅಂಕಿ ಎಷ್ಟು, ಎಲ್ಲಿಗೆ ಇಳಿಯಿತು, ಯಾವಾಗ ಮತ್ತೆ ಬಿಗಿದಿರಿ, ಎಲ್ಲ ಬರೆಯಿರಿ. ಮೊದಲ ಮೂವತ್ತು ಜನರದು ನೆನಪಿದ್ದಷ್ಟು ಸಾಕು, ಆದರೆ ನೆನಪಿನಿಂದ ಬರೆದದ್ದರ ಪಕ್ಕ ಹಾಗೆಂದು ಗುರುತು ಮಾಡಿ. ನನಗೆ ಸಂತೋಷವಾಗಲೆಂದು ಒಂದು ಅಂಕಿಯನ್ನೂ ಚೆಂದ ಮಾಡಬೇಡಿ. ಬಿಚ್ಚಿದ್ದರಿಂದ ಯಾರಿಗಾದರೂ ಕೇಡಾಗಿದ್ದರೆ ಅದನ್ನೇ ಮೊದಲು ಬರೆಯಿರಿ. ನನ್ನ ಎಣಿಕೆ ತಪ್ಪಾಗಿದ್ದರೆ, ಅತ್ತೆಯ ಕೈ ಹಿಡಿದು, ಮೂರು ದಿನ ಬಾಯಿ ಮುಚ್ಚಿಕೊಳ್ಳಿ, ನಾನೂ ಮುಚ್ಚಿಕೊಂಡು ಜೊತೆಗೆ ಕೂರುತ್ತೇನೆ ಎಂದು ಹೇಳುತ್ತೇನೆ. ಅವರು ಒಪ್ಪುವವರೆಗೆ ಹೇಳುತ್ತೇನೆ. ದೊಡ್ಡ ಡಾಕ್ಟರಿಗೆ ನೀವು ಹೇಳುವುದು ಬಿಡುವುದು ನಿಮಗೆ ಸೇರಿದ್ದು, ಅದರ ಬಗ್ಗೆ ಬಾಯಿ ಹಾಕಲು ನನಗೆ ಅಪ್ಪಣೆಯಿಲ್ಲ. ನೀವು ಹೆದರಿದ್ದಕ್ಕೆ ನನಗೆ ಸಿಟ್ಟಿಲ್ಲ. ಹೆದರಿಕೊಂಡೂ ಬಿಚ್ಚಿದಿರಲ್ಲ.

ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಇಷ್ಟು ವರ್ಷ ತಾಳುವುದಿಲ್ಲ. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ. ನಿಮ್ಮ ಕಾಲದ ಪ್ಲಾಸ್ಟಿಕ್ ಇನ್ನೂ ಕೊಳೆಯದೆ ನಮ್ಮ ಹೊಲಗಳಲ್ಲಿದೆ, ಒಂದು ಚೀಲವಾದರೂ ಒಳ್ಳೆಯದಕ್ಕೆ ಬರಲಿ. ವಾರ್ಡಿನ ಮೂರನೇ ಕಿಟಕಿಯ ಕೆಳಗೆ ಶಹಾಬಾದಿ ಕಲ್ಲೊಂದು ಅಲುಗಾಡುತ್ತದೆ, ಅದರ ಅಡಿ ಇಡಿ. ಆ ನೆಲ ಇನ್ನೂ ಹಾಗೇ ಇದೆ. ಮಾರ್ಚ್ 19ಕ್ಕೆ ಅದನ್ನು ಅಗೆದು ಹೊಸ ನೆಲ ಹಾಕುತ್ತಾರೆ. ಅದಕ್ಕೂ ಮೊದಲು ಕಲ್ಲು ಎತ್ತಲು ನನಗೆ ಒಂದು ದಿನದ ಅನುಮತಿ ಸಿಕ್ಕಿದೆ. ಕೆಳಗೆ ಬರೀ ಮಣ್ಣಿದ್ದರೂ ನಾನು ಸೋತೆನೆಂದು ತಿಳಿಯಬೇಡಿ, ಬೇರೆ ದಾರಿ ಹುಡುಕುತ್ತೇನೆ. ಆದರೆ ಅತ್ತೆಗೆ ಅಷ್ಟು ಸಮಯವಿಲ್ಲ.

ಗಂಟು ಈಗಲೇ ಕಟ್ಟಾಗಿದೆ. ಮೌನೇಶ ಕಲ್ಲು ಮೀಟಲು ಒಂದು ಸಲಾಕೆ ಇಟ್ಟಿದ್ದಾನೆ, ಅತ್ತೆ ದಾರಿಗೆಂದು ತಿಂಗಳಾದರೂ ಕೆಡದ ಒಣ ಸಜ್ಜೆರೊಟ್ಟಿ ಕಟ್ಟಿಸಿದ್ದಾರೆ. ಮಾರ್ಚ್ 18, ಬುಧವಾರ, ಬೆಳಿಗ್ಗೆ ಆರೂ ನಲವತ್ತಕ್ಕೆ ರಾಯಚೂರು ಮುಟ್ಟುವ ಕಾಳಿ-ಕೃಷ್ಣಾ ಎಕ್ಸ್‌ಪ್ರೆಸ್ಸಿಗೆ ಬರುತ್ತೇನೆ.

ನಿಮ್ಮ
ಜೆಮಿಮಾ