ದುರುಗಣ್ಣನಿಗೆ ಬರೆದುಕೊಡದ ಅರ್ಜಿ

ರಹಮತ್‌ಬೀ ಅವರೇ,

ನೀವು ತೀರಿಕೊಂಡು ಎರಡು ವರ್ಷವಾದರೂ ಇಂದಿನ ಜಯವನ್ನು ಮೊದಲು ನಿಮಗೇ ತಿಳಿಸಬೇಕು. ಹಿಂದೆ ನಿಮ್ಮ ಬಳೆಬುಟ್ಟಿಯನ್ನು ಒದ್ದು, ನೀವೇ ತನ್ನನ್ನು ಪೀಡಿಸುತ್ತೀರೆಂದು ಅತ್ತು, ನಿಮ್ಮನ್ನು ಕರೆಸಿ ಕೇಳದ ನನ್ನಿಂದ ಅರ್ಜಿ ಬರೆಸಿ, ನಿಮ್ಮನ್ನು ಬಸವಾಪಟ್ಟಣದ ಬಸ್ ನಿಲ್ದಾಣದಿಂದ ಎಬ್ಬಿಸಿದ ದುರುಗಣ್ಣ ಬೆಳಿಗ್ಗೆ ಮತ್ತೆ ಬಂದಿದ್ದ. ಈ ಸಲ ಅರ್ಜಿ, ಈಗ ಅದೇ ನಿಲ್ದಾಣದಲ್ಲಿ ಬಳೆ ಮಾರುವ ನಿಮ್ಮ ಮಗಳು ತಸ್ಲೀಮಳ ಮೇಲೆ.

“ಅವಳ ಕಾಟಕ್ಕೆ ಬದುಕಾಕೆ ಆಗ್ತಿಲ್ರೀ ಮೇಷ್ಟ್ರೇ,” ಎಂದು ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

ನಾನು ಪೆನ್ನು ಮುಟ್ಟದೆ ತಸ್ಲೀಮಳನ್ನು ಕರೆಸಿದೆ. “ಇವಳೆದುರೇ ಹೇಳಪ್ಪ, ಒಂದಕ್ಷರ ಬಿಡದೆ ಬರೆಯುತ್ತೇನೆ.”

“ಹೇಳಣ್ಣ,” ತಸ್ಲೀಮ್ ನಕ್ಕಳು, “ನನ್ನ ಬುಟ್ಟಿ ಬಂದು ನಿನ್ನ ಕಾಲಿಗೆ ಹೆಂಗೆ ಒದೀತು?”

ದುರುಗಣ್ಣ ತಾನು ತಂದಿದ್ದ ಬಿಳಿ ಹಾಳೆಯನ್ನು ಮಡಚಿಕೊಂಡು ಮೆಟ್ಟಿಲಿಳಿದ. ಮಧ್ಯಾಹ್ನದ ಬಸ್ಸಿನ ಹೊತ್ತಿಗೆ ತಸ್ಲೀಮ್ ತನ್ನ ಜಾಗದಲ್ಲೇ ಕೂತು ಬಳೆ ತೊಡಿಸುತ್ತಿದ್ದಳು.

ಅವಳನ್ನು ಕರೆಸಲು ಐದು ನಿಮಿಷವೂ ಹಿಡಿಯಲಿಲ್ಲ, ರಹಮತ್‌ಬೀ.